ಟವೆಲ್ ಕೆಳಗಿನ ಬೆರಳು

ಮನೆ ತಗೋಬೇಕು ಅಂತ ಹೊರಟ ನಾವು ಮೊದಲು ಕಳೆದುಕೊಂಡದ್ದು 51 ಸಾವಿರ ರೂಪಾಯಿ. ಪೂರ್ತಿ ಹೋಯಿತು ಅಂತಲ್ಲ, 25 ಸಾವಿರ ವಾಪಸ್ ಬಂತು. ಉಳಿದದ್ದರ ಲೆಕ್ಕ ಇನ್ನೂ ಮುಗಿದಿಲ್ಲ.

ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಟೀಚರ್. ನಮ್ಮ ಮನೆಯವರು ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾರೆ. ಮದುವೆಯಾಗಿ ಹದಿನಾರು ವರ್ಷ, ನಾಲ್ಕು ಬಾಡಿಗೆ ಮನೆ. ಒಬ್ಬ ಮಾಲೀಕರ ಮಗನಿಗೆ ಮದುವೆ ಗೊತ್ತಾಯಿತು, ಇನ್ನೊಬ್ಬರ ಮಗಳು ಬಾಣಂತನಕ್ಕೆ ಬಂದಳು, ಮತ್ತೊಬ್ಬರಿಗೆ ವಾಸ್ತು ನೋಡುವವರು ಏನೋ ಹೇಳಿದರು. ಪ್ರತಿ ಸಲ ಖಾಲಿ ಮಾಡಬೇಕಾದವರು ನಾವೇ. ನಾಲ್ಕನೇ ಮನೆಗೆ ಸಾಮಾನು ಸಾಗಿಸುವಾಗ ಅತ್ತೆಯ ಕಾಲದ ತಾಮ್ರದ ಹಂಡೆ ಟಂಟಂನಿಂದ ಕೆಳಗೆ ಬಿದ್ದು ಸೊಟ್ಟಗಾಯಿತು. ಅವತ್ತು ರಾತ್ರಿ ನಮ್ಮವರು, "ಇನ್ನ ಸಾಕು, ಸ್ವಂತದ್ದು ನೋಡೂಣು" ಅಂದರು.

ದುಡ್ಡಿಗೆ ಒಂದು ದಾರಿ ಇತ್ತು. ಜೋರಾಪುರ ಪೇಟೆಯಲ್ಲಿ ನನ್ನ ತವರುಮನೆ. ಅಪ್ಪ-ಅವ್ವ ಇಬ್ಬರೂ ತೀರಿಕೊಂಡ ಮೇಲೆ ಬೀಗ ಹಾಕಿತ್ತು. ತಮ್ಮ ಪುಣೆಯಲ್ಲಿ, ಅಕ್ಕ ಜಮಖಂಡಿಯಲ್ಲಿ. ಮಾರಿದರೆ ನನಗೂ ಒಂದು ಪಾಲು, ಆ ಪಾಲಿನ ಮೇಲೆ ಒಂದಿಷ್ಟು ಉಳಿತಾಯ, ಅದರ ಮೇಲೆ ಬ್ಯಾಂಕ್ ಸಾಲ. ಅಂದರೆ ಮಾರಲಿಕ್ಕೂ ಏಜೆಂಟ್ ಬೇಕು, ಕೊಳ್ಳಲಿಕ್ಕೂ ಏಜೆಂಟ್ ಬೇಕು. ನಾವು ಕೊಳ್ಳುವುದರಿಂದ ಶುರು ಮಾಡಿದೆವು.

ಮೊದಲನೇ ಏಜೆಂಟ್ ಸಿಕ್ಕಿದ್ದು ವಾಟ್ಸಾಪ್ ಸ್ಟೇಟಸ್ಸಿನಲ್ಲಿ. ದಿನಾ ಹತ್ತು ಮನೆ ಹಾಕುತ್ತಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಎರಡು ಫೋನು, ಬಿಳಿ ಕಾರು. ಮಾತೆಲ್ಲ ನಮ್ಮವರ ಜೊತೆ. "ಸಾಹೇಬರ, ಇದರ ರೇಟ್ ಹಿಂಗದ, ಸಾಹೇಬರ, ಅಲ್ಲಿ ರೋಡ್ ಹಿಂಗ ಬರ್ತದ." ನನ್ನ ಪಾಲಿಗೆ ಬಂದದ್ದು ಒಂದೇ ಮಾತು: "ಅಕ್ಕೋರ, ನೀವು ಅಡಗಿ ಮನಿ ನೋಡ್ರಿ, ಎಷ್ಟ್ ದೊಡ್ಡದದ!" ಸಾಲದ ಕಂತು ಹೋಗುವುದು ನನ್ನ ಸಂಬಳದಿಂದ ಅಂತ ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಅಡುಗೆಮನೆ ನೋಡಿ ಬಂದೆ. ದೊಡ್ಡದೇ ಇತ್ತು.

ಊರೊಳಗೆ ಒಂದು ಹಳೇ ಮನೆ ತೋರಿಸಿದ. ಮೂವತ್ತು-ನಲವತ್ತರ ಜಾಗ, ಕಲ್ಲಿನ ಗೋಡೆ, ಮಾಳಿಗೆ ಅಲ್ಲಲ್ಲಿ ಕುಸಿದಿತ್ತು. ಪಕ್ಕದ ಓಣಿಯ ರೇಟಿಗಿಂತ ಹತ್ತು ಲಕ್ಷ ಕಮ್ಮಿ. ಕೆಡವಿ ಹೊಸದಾಗಿ ಕಟ್ಟೋಣ, ಮೇಲೊಂದು ಮನೆ ಹಾಕಿ ಬಾಡಿಗೆಗೆ ಕೊಡೋಣ ಅಂತ ನಮ್ಮ ಲೆಕ್ಕ. ಅವನೂ, "ಆರಾಮ ಕಟ್ರಿ, ಮ್ಯಾಲೆರಡು ಮನಿ ಕಟ್ರಿ" ಅಂದ. ಇನ್ನೂ ಇಬ್ಬರು ಗಿರಾಕಿಗಳು ನೋಡಿ ಹೋಗಿದ್ದಾರೆ, ನಾಳೆ ಸಂಜೆಯೊಳಗೆ ಸಂಚಕಾರ (ಮುಂಗಡ) ಕೊಟ್ಟರೆ ನಿಮ್ಮದು ಅಂದ. ಮರುದಿನ 51 ಸಾವಿರ ನಗದು ಎಣಿಸಿ ಕೊಟ್ಟೆವು. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ, ತಗೊಂಡವರ ಮೇಲೆ ಅಷ್ಟೇ ಮೊತ್ತದ ದಂಡ ಬೀಳಬಹುದು ಅಂತ ಆದಾಯ ತೆರಿಗೆ ಕಾಯ್ದೆಯಲ್ಲಿದೆ. ಅದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಬ್ಯಾಂಕಿನಲ್ಲಿ ಕೆಲಸ ಮಾಡುವವರು ಮನೆಯಲ್ಲೇ ಇದ್ದರೂ!

ನಕಾಶೆ ಮಾಡಿಸಲಿಕ್ಕೆ ಪರಿಚಯದ ಇಂಜಿನಿಯರನ್ನು ಕರೆದುಕೊಂಡು ಹೋದೆವು. ಅವರು ಮನೆ ನೋಡುವ ಮೊದಲು ಓಣಿಯ ಆ ತುದಿ ನೋಡಿದರು. ಅಲ್ಲೊಂದು ಸಣ್ಣ ಗುಮ್ಮಟ. ಅದರ ಮುಂದೆ ನೀಲಿ ಫಲಕ. ಕಂಬಕ್ಕೆ ಹುಡುಗರು ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆದು ಸ್ಟಂಪ್ ಮಾಡಿಕೊಂಡಿದ್ದರು. "ಇದನ್ನ ನೋಡಿಲ್ಲೇನ್ರಿ?" ಅಂದರು. ನಿಜವಾಗಿಯೂ ನೋಡಿರಲಿಲ್ಲ. ನಾವು ಮನೆ ನೋಡಲಿಕ್ಕೆ ಬಂದ ಎರಡು ಸಲವೂ ಆ ಬಿಳಿ ಕಾರು ಆ ಫಲಕಕ್ಕೆ ಒತ್ತಿ ನಿಂತಿತ್ತು. ಬೇಕಂತಲೇ ನಿಲ್ಲಿಸಿದ್ದ ಅಂತ ನಾನು ಹೇಳಲ್ಲ. ಓಣಿ ಇಕ್ಕಟ್ಟು, ನಿಲ್ಲಿಸಲಿಕ್ಕೆ ಬೇರೆ ಜಾಗ ಇರಲಿಲ್ಲವೇನೋ.

ಟೇಪು ಹಿಡಿದರು. ಗುಮ್ಮಟದ ಕಾಂಪೌಂಡಿನಿಂದ ಮನೆಯ ಬಾಗಿಲಿಗೆ 64 ಮೀಟರ್.

ನಮ್ಮೂರಲ್ಲಿ ಮನೆ ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಇದು. ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದ್ದು, ಅದಕ್ಕೆ 2010ರಲ್ಲಿ ತಿದ್ದುಪಡಿ ಬಂತು. ಕೇಂದ್ರ ಪುರಾತತ್ವ ಇಲಾಖೆ ಕಾಯುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಜಾಗ. ಅಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಇದ್ದ ಮನೆಯನ್ನು ರಿಪೇರಿ ಮಾಡಬೇಕಂದರೂ ಅನುಮತಿ ಬೇಕು. ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಜಾಗ, ಅಲ್ಲಿ ಪರವಾನಗಿ ತಗೊಂಡು ಕಟ್ಟಬಹುದು. ಮೀರಿ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಬೇರೆ ಊರಿನವರಿಗೆ ಇದೊಂದು ದೊಡ್ಡ ವಿಷಯ ಅನಿಸಲಿಕ್ಕಿಲ್ಲ. ಆದರೆ ಆದಿಲಶಾಹಿಗಳು 1490ರಿಂದ 1686ರವರೆಗೆ ಕೂತು ಆಳಿದ ಊರಿದು. ಪ್ರವಾಸಕ್ಕೆ ಬಂದವರು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ನೋಡಿ ಹೋಗುತ್ತಾರೆ. ಇಲ್ಲೇ ಇರುವವರಿಗೆ ಓಣಿ ತಿರುಗಿದರೆ ಒಂದು ಗುಮ್ಮಟ, ಹಿಂದೆ ಒಂದು ಮಸೀದಿ, ಪಕ್ಕದಲ್ಲಿ ಒಂದು ಬಾವಡಿ. ಚಿಕ್ಕಂದಿನಿಂದ ನೋಡಿ ನೋಡಿ ಕಣ್ಣಿಗೇ ಬೀಳುವುದಿಲ್ಲ.

ಏಜೆಂಟ್ ಫೋನ್ ಎತ್ತಲಿಲ್ಲ. ಎರಡೂ ಫೋನು. ಕೊನೆಗೆ ನಾವೇ ಮನೆ ಮಾಲೀಕರ ಹತ್ತಿರ ಹೋದೆವು. ಒಬ್ಬರೇ ಇರುವ ಅಜ್ಜಿ. ಮಗ ಇಲ್ಲ, ಮಗಳ ಮನೆಗೂ ತನ್ನ ಮನೆಗೂ ಓಡಾಡಿಕೊಂಡು ಇರುವವರು. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅಜ್ಜಿ ನನ್ನ ಮಾತು ಪೂರ್ತಿ ಕೇಳಿಸಿಕೊಂಡು ತಲೆ ಮೇಲೆ ಸೆರಗು ಸರಿ ಮಾಡಿಕೊಂಡರು.

"ನಾ ಹೇಳೀನೆಲ್ಲವಾ ಅವಂಗ! ಕಟ್ಟಲಾಕ ಬಿಡಂಗಿಲ್ಲ, ಅದಕ್ಕ ಹತ್ತು ಲಕ್ಷ ಕಮ್ಮಿಗೆ ಕೊಡ್ತೀನಿ ಅಂತ ಹೇಳೀನಿ. ನಿಮಗ ಎಲ್ಲಾ ಗೊತ್ತದ, ಇದ್ದಂಗ ಇರತೀವಿ ಅಂತ ನೀವೇ ಅಂದ್ರಿ ಅಂದಾನ. ಸಾಲಿ ಕಲಸೋರು, ಹಳೀ ಮನಿ ಮ್ಯಾಲ ಪ್ರೀತಿ ಅದ ಅಂದಾನ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಜ್ಜಿ ಸುಳ್ಳು ಹೇಳಿರಲಿಲ್ಲ. ನಾವೂ ಏನೂ ಮುಚ್ಚಿಟ್ಟಿರಲಿಲ್ಲ. ಎರಡೂ ಕಡೆಯವರು ಅವನಿಗೆ ನಿಜವನ್ನೇ ಹೇಳಿದ್ದೆವು. ಅದು ಅವನ ಹತ್ತಿರ ಹೋಗಿ ನಿಂತುಬಿಟ್ಟಿತ್ತು, ಈ ಕಡೆಯಿಂದ ಆ ಕಡೆಗೆ ದಾಟಿರಲಿಲ್ಲ. 51ರಲ್ಲಿ ಹತ್ತು ಸಾವಿರ ಅವನೇ ಕಮಿಷನ್ ಮುಂಗಡ ಅಂತ ಇಟ್ಟುಕೊಂಡಿದ್ದ. ಅಜ್ಜಿ ಪೆಟ್ಟಿಗೆ ತೆಗೆದು 25 ಸಾವಿರ ಕೊಟ್ಟರು. ಉಳಿದದ್ದು ಅವರ ಕಣ್ಣಿನ ಆಪರೇಷನ್ನಿಗೆ ಹೋಗಿತ್ತು. ಮನೆ ಮಾರಿದ ದಿನ ಕೊಡ್ತೀನಿ ಅಂದರು. ಚಹಾ ಮಾಡಿ ಕೊಟ್ಟರು. ಕುಡಿದು ಬಂದೆವು.

ಅವತ್ತು ಅಪ್ಪನ ನೆನಪು ಬಹಳ ಬಂತು. ಅಪ್ಪ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಮ್ಮ ಕಡೆ ದಲಾಲ ಅನ್ನುವ ಮಾತಿಗೆ ಎರಡು ಮುಖ. ಬೈಯಬೇಕಾದರೂ ಅದೇ ಮಾತು, "ಅವನೊಬ್ಬ ದಲಾಲ" ಅಂದರೆ ಮುಗೀತು. ಆದರೆ ಹಳ್ಳಿಯ ರೈತ ಮಗಳ ಮದುವೆಗೆ ದುಡ್ಡು ಕೇಳಲಿಕ್ಕೆ ಬರುವುದೂ ದಲಾಲಿ ಅಂಗಡಿಗೇ. ಒಣದ್ರಾಕ್ಷಿ, ಜೋಳ, ಕಡಲೆ ತಂದು ಹಾಕುವವರು ಮೂವತ್ತು ವರ್ಷ ಒಂದೇ ಅಂಗಡಿಗೆ ಬರುವುದನ್ನು ನಾನು ನೋಡಿದ್ದೇನೆ. ಯಾಕೆ ಅಂತ ಅಪ್ಪನನ್ನು ಕೇಳಿದ್ದೆ. "ರೇಟ್ ಎಲ್ಲಾ ಕಡೆ ಹೆಚ್ಚು ಕಮ್ಮಿ ಒಂದೇ. ಅವರು ಬರೂದು ನಮ್ಮ ತಕ್ಕಡಿಗಿ" ಅಂದಿದ್ದರು.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಾಗುವಾಗ ತೊರವಿಯ ಕಡೆ ದನಗಳ ಜಾತ್ರೆ ಸೇರುತ್ತದಲ್ಲ, ಅಲ್ಲಿಗೆ ಅಪ್ಪ ಒಮ್ಮೆ ಕರೆದುಕೊಂಡು ಹೋಗಿದ್ದರು. ಎತ್ತಿನ ವ್ಯಾಪಾರ ಬಾಯಲ್ಲಿ ಆಗುತ್ತಿರಲಿಲ್ಲ. ದಲಾಲ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಕೈ ಮೇಲೆ ಹಾಕುತ್ತಿದ್ದ. ಅದರ ಕೆಳಗೆ ಎತ್ತಿನ ಯಜಮಾನನ ಬೆರಳು ಹಿಡಿಯುತ್ತಿದ್ದ. ಒಂದು ಬೆರಳು ಅಂದರೆ ಇಷ್ಟು, ಅಂಗೈ ಅಂದರೆ ಇಷ್ಟು. ಮುಖದ ಮೇಲೆ ಏನೂ ಇಲ್ಲ, ಬರೀ ಟವೆಲ್ ಅಲುಗಾಡುವುದು. ಆಮೇಲೆ ಕೊಳ್ಳುವವನ ಹತ್ತಿರ ಹೋಗಿ ಅದೇ ಟವೆಲ್, ಬೇರೆ ಬೆರಳು. ಸುತ್ತ ನಿಂತ ನೂರು ಮಂದಿಗೆ ಬೆಲೆ ಗೊತ್ತಾಗುತ್ತಿರಲಿಲ್ಲ. ಮಾರುವವನಿಗೂ ಕೊಳ್ಳುವವನಿಗೂ ಒಬ್ಬರ ಬೆರಳು ಒಬ್ಬರಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಿದ್ದದ್ದು ನಡುವೆ ನಿಂತವನಿಗೆ ಮಾತ್ರ. ಮನೆ ವ್ಯಾಪಾರದಲ್ಲೂ ಹೀಗೇ ಅಲ್ವಾ? ಮಾಲೀಕರಿಗೆ ಒಂದು ರೇಟು, ಗಿರಾಕಿಗೆ ಒಂದು ರೇಟು. ಎರಡರ ನಡುವಿನದು ಏಜೆಂಟನ ಕಿಸೆಗೆ, ಮೇಲೆ ಕಮಿಷನ್ ಬೇರೆ.

ಸಂಚಕಾರ ರದ್ದಾದದ್ದಕ್ಕೆ ಒಂದು ಕಾಗದ ಮಾಡಿಸಿಕೊಳ್ಳೋಣ ಅಂತ ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಕೂರುವ ಬಾಂಡ್ ರೈಟರ್ ಹತ್ತಿರ ಹೋದೆವು. ಅವರು ಕನ್ನಡಕದ ಮೇಲಿಂದ ನೋಡಿ, "ಯಾವ ಏಜೆಂಟ್ರಿ?" ಅಂದರು. ಹೆಸರು ಹೇಳಿದ ಕೂಡಲೆ ಏನೂ ಮಾತಾಡದೆ ಬರೆಯಲಿಕ್ಕೆ ಶುರು ಮಾಡಿದರು. ಆ ಮೌನವೇ ನನಗೆ ದಾರಿ ತೋರಿಸಿತು. ಈ ಮನುಷ್ಯ ಮೂವತ್ತು ವರ್ಷದಿಂದ ಇಲ್ಲೇ ಕೂತಿದ್ದಾರೆ. ಊರಿನ ಪ್ರತಿ ಏಜೆಂಟ್ ಇವರ ಮುಂದೆ ಫೈಲ್ ಹಿಡಿದು ನಿಂತಿದ್ದಾನೆ. ಯಾರ ಫೈಲು ಸರಿ ಇರುತ್ತದೆ, ಯಾರದ್ದು ಮೂರು ಸಲ ವಾಪಸ್ ಹೋಗುತ್ತದೆ, ಯಾರು ಬಂದರೆ ಎರಡು ಕಡೆಯವರೂ ನಗುನಗುತ್ತಾ ಸಹಿ ಮಾಡುತ್ತಾರೆ, ಇವರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ನಾವು ಸುಮ್ನೆ ಸಹೋದ್ಯೋಗಿಗಳನ್ನು, ನೆಂಟರನ್ನು ಕೇಳುತ್ತಾ ತಿರುಗಿದ್ದೆವು. ಮನೆ ತಗೊಂಡು ಆರು ತಿಂಗಳಾದವರು ಎಲ್ಲ ಏಜೆಂಟರನ್ನೂ ಹೊಗಳುತ್ತಾರೆ. ಗೋಡೆ ಇನ್ನೂ ಬಿರುಕು ಬಿಟ್ಟಿರುವುದಿಲ್ಲ.

"ನೀವಾದ್ರ ಯಾರ ಕಡೆ ಹೋಗ್ತೀರಿ?" ಅಂತ ಕೇಳಿದೆ.

"ಕಾಕಾನ ಕಡೆ ಹೋಗ್ರಿ. ಅವರ ಕಾಗದ ತಿರುಗಿ ಬರಂಗಿಲ್ಲ. ಖರೆ, ಗಡಿಬಿಡಿ ಮಾಡಬ್ಯಾಡ್ರಿ, ಬಹಳ ಸಾವಕಾಶ ಮನಷ್ಯಾ."

ಕಾಕಾ ಮೊದಲು ಟೇಲರ್. ಈಗ ಅಂಗಡಿ ಮಗನದ್ದು. ಒಂದು ಮೂಲೆಯಲ್ಲಿ ಕಾಕಾನ ಕುರ್ಚಿ, ಸ್ಟೂಲ್ ಮೇಲೆ ಎರಡು ಉದ್ದನೆ ನೋಟ್‌ಬುಕ್. ಬೋರ್ಡ್ ಇಲ್ಲ. ಕೊರಳಲ್ಲಿ ಈಗಲೂ ಬಟ್ಟೆ ಅಳೆಯುವ ಟೇಪು. ನಾವು ಹೋದಾಗ ಯಾರದ್ದೋ ಪ್ಯಾಂಟಿನ ಕಾಜಾ ಹೊಲಿಯುತ್ತಿದ್ದರು. ನಮ್ಮ ಕಥೆ ಕೇಳಿ, "ಮೊದಲ ಮಾರೂದು ಮಾರೂಣು, ಆಮ್ಯಾಲ ತಗೊಳ್ಳೂದು" ಅಂದರು. ನಂತರ ನನ್ನ ಕಡೆ ತಿರುಗಿ ಕೇಳಿದರು: "ಅಕ್ಕೋರ, ನೀವು ಎಷ್ಟು ಮಂದಿ ಮಕ್ಕಳು? ನಿಮ್ಮ ಅಕ್ಕ ಸಹಿ ಮಾಡ್ತಾರೇನು?"

ನನಗೆ ಸ್ವಲ್ಪ ಸಿಟ್ಟು ಬಂತು. ನಮ್ಮ ಮನೆಯ ವಿಷಯ ಇವರಿಗ್ಯಾಕೆ ಅನಿಸಿತು. ಆದರೆ ಉತ್ತರ ನನಗೂ ಗೊತ್ತಿರಲಿಲ್ಲ. ಅಕ್ಕನ ಮದುವೆಯಲ್ಲಿ ಅಪ್ಪ ಬಂಗಾರ ಹಾಕಿದ್ದಾರೆ, ಅಕ್ಕ ಪಾಲು ಕೇಳಲ್ಲ ಅಂತ ತಮ್ಮ ಅಂದುಕೊಂಡಿದ್ದ. ಅಕ್ಕ ಏನಂದುಕೊಂಡಿದ್ದಾಳೆ ಅಂತ ಯಾರೂ ಕೇಳಿರಲಿಲ್ಲ. ಅಪ್ಪ ತಾವೇ ದುಡಿದು ಕಟ್ಟಿದ ಮನೆ, ವಿಲ್ ಬರೆದಿರಲಿಲ್ಲ. ಹಾಗಿದ್ದಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ-ಮಗಳು ಅಂತ ಭೇದ ಇಲ್ಲ, ಸಮಪಾಲು. ಹಿರಿಯರಿಂದ ಬಂದ ಆಸ್ತಿಯಾಗಿದ್ದರೂ ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಹೆಣ್ಣುಮಕ್ಕಳ ಹಕ್ಕು ಬಂದಿದೆ. ಇದನ್ನೆಲ್ಲ ನಾನು ಎಂಟನೇ ಕ್ಲಾಸಿನ ಹುಡುಗಿಯರಿಗೆ ಪಾಠ ಮಾಡುತ್ತೇನೆ! ಮನೆಯಲ್ಲಿ ಮಾತ್ರ ಅರಿಶಿನ-ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟು ಸಹಿ ಹಾಕಿಸಿಕೊಳ್ಳುವ ಪದ್ಧತಿಯನ್ನೇ ನಂಬಿಕೊಂಡು ಕೂತಿದ್ದೆ. ಒಂದು ಭಾನುವಾರ ಜಮಖಂಡಿಗೆ ಹೋದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, "ಯಾರರ ಬಂದು ಕೇಳಲಿ ಅಂತಿದ್ದೆ" ಅಂದಳು. ಮೂರು ಸಮಪಾಲು ಅಂತ ಆಯಿತು. ಅದಾದ ಮೇಲೆ ಅವಳೇ ತಮ್ಮನಿಗೆ ಫೋನ್ ಮಾಡಿ ಬೇಗ ಬಾ ಅಂದಳು.

ನಾಲ್ಕು ಜನ ಗಿರಾಕಿ ಬಂದು, ಬೆಲೆ ಕುದುರಿ, ರಿಜಿಸ್ಟ್ರೇಷನ್ ದಿನ ಅಕ್ಕ ಬರಲ್ಲ ಅಂದಿದ್ದರೆ ಏನಾಗುತ್ತಿತ್ತು? ಕಾಕಾ ಅಂಥದ್ದನ್ನು ಎಷ್ಟು ಸಲ ನೋಡಿದ್ದಾರೋ. ಅದಕ್ಕೇ ಮೊದಲು ಅದನ್ನೇ ಕೇಳಿದ್ದು.

ಆಮೇಲೆ ಕಾಗದ. ಸಿಟಿ ಸರ್ವೆ ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಇನ್ನೂ ಅಪ್ಪನ ಹೆಸರೇ ಇತ್ತು, ವಾರಸಾ ಮಾಡಿಸಿ ನಮ್ಮ ಹೆಸರಿಗೆ ತರಬೇಕು. ಮಹಾನಗರ ಪಾಲಿಕೆಯಲ್ಲಿ ಇ-ಆಸ್ತಿ, ಅಂದರೆ ಆನ್‌ಲೈನ್ ಖಾತೆ, ಆಗಬೇಕು, ಅದಿಲ್ಲದೆ ಈಗ ರಿಜಿಸ್ಟರ್ ಆಗುವುದಿಲ್ಲ. ಆಸ್ತಿಯ ಮೇಲೆ ಯಾವ ಸಾಲ, ಯಾವ ವ್ಯವಹಾರ ಇದೆ ಅಂತ ತೋರಿಸುವ ಇ.ಸಿ.ಯನ್ನು ಮೂವತ್ತು ವರ್ಷದ್ದು ತೆಗೆಸಿದರು. ಉತಾರದ ಕೊನೆಯ ಸಾಲಿನ ಮೇಲೆ ಕಾಕಾ ಬೆರಳಿಟ್ಟರು. ಒಂದು ಬೋಜಾ, ಅಂದರೆ ಆಸ್ತಿಯ ಮೇಲಿನ ಸಾಲದ ನಮೂದು. ಅಪ್ಪ 1991ರಲ್ಲಿ ಒಂದು ಸೊಸೈಟಿಯಿಂದ 12 ಸಾವಿರ ಸಾಲ ತಗೊಂಡಿದ್ದರು. ಅದೇ ವರ್ಷ ಅಕ್ಕನ ಮದುವೆ. ಸಾಲ ಯಾವಾಗಲೋ ತೀರಿಸಿದ್ದಾರೆ, ರಸೀದಿ ಅವ್ವನ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಸಿಕ್ಕಿತು. ಬೋಜಾ ತೆಗೆಸುವುದನ್ನು ಮಾತ್ರ ಮರೆತಿದ್ದರು. ಅದನ್ನು ತೆಗೆಸಲಿಕ್ಕೆ ಎರಡು ತಿಂಗಳು ಹಿಡಿಯಿತು. ಈ ಎರಡು ತಿಂಗಳು ಕಾಕಾ ಒಬ್ಬ ಗಿರಾಕಿಯನ್ನೂ ಕರೆದುಕೊಂಡು ಬರಲಿಲ್ಲ. ನನಗೆ ತಡೆಯಲಿಕ್ಕಾಗದೆ ಕೇಳಿದರೆ, "ಅಂಗಿ ಹೊಲಿಯೂಕಿಂತ ಮೊದಲ ಗಿರಾಕಿಗಿ ತೊಡಸಾಕಾಗ್ತದೇನ್ರಿ?" ಅಂದರು.

ಬೆಲೆ ಹೇಳುವಾಗಲೂ ಹಾಗೇ. ಬೇರೆ ಇಬ್ಬರು ಏಜೆಂಟರು ಮನೆ ಹೊರಗಿನಿಂದಲೇ ನೋಡಿ, 50 ಲಕ್ಷಕ್ಕೆ ಕಮ್ಮಿ ಇಲ್ಲ ಅಂದಿದ್ದರು. ಕಾಕಾ ಒಳಗೆ ಬಂದು ಒಂದು ತಾಸು ಕೂತು 38ರಿಂದ 40 ಅಂದರು. ತಮ್ಮನಿಗೆ ಬೇಜಾರಾಯಿತು. 50 ಅಂದವನಿಗೆ ಕೊಡೋಣ ಅಂದ. ನಮ್ಮವರು ಒಂದು ಮಾತು ಹೇಳಿದರು: 50 ಅಂದವನು 50 ಕೊಡುವವನಲ್ಲ, ಹೇಳುವವನು ಅಷ್ಟೇ. ಮನೆ ಕೈಗೆ ಬರಲಿ ಅಂತ ಮೊದಲು ಏರಿಸುವುದು, ಆಮೇಲೆ ತಿಂಗಳಿಗೊಮ್ಮೆ ಫೋನ್ ಮಾಡಿ ಮಾರ್ಕೆಟ್ ಬಿದ್ದಿದೆ ಅನ್ನುವುದು. ಬ್ಯಾಂಕಿನಲ್ಲಿ ಸಾಲಕ್ಕೆ ಬರುವವರ ಕಥೆ ಕೇಳಿ ಕೇಳಿ ಅವರಿಗೆ ಇದು ಗೊತ್ತು. ಗೊತ್ತಿದ್ದೂ 51 ಸಾವಿರ ಕೊಟ್ಟರಲ್ಲ, ಅದು ಬೇರೆ ಮಾತು.

ಕೊಳ್ಳಲಿಕ್ಕೆ ಬಂದದ್ದು ಒಂದು ಕಿರಾಣಿ ಅಂಗಡಿಯವರ ಕುಟುಂಬ. ತಂದೆ, ಮಗ, ಸೊಸೆ. ನಾನು ಹಿಂದಿನ ದಿನವೇ ಹೋಗಿ ಕಸ ಹೊಡೆದು, ಪಡಸಾಲೆ ಒರೆಸಿ, ಬಾಗಿಲಿಗೆ ರಂಗೋಲಿ ಹಾಕಿದ್ದೆ. ಕಾಕಾ ಅವರನ್ನು ನೇರ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. "ಇಲ್ಲಿ ನೋಡ್ರಿ, ಮಳಿಗಾಲದಾಗ ಈ ಮೂಲ್ಯಾಗ ಸೋರ್ತದ. ರಿಪೇರಿ ಖರ್ಚು ನಿಮ್ದು." ನನ್ನ ಜೀವ ಧಸಕ್ಕೆಂದಿತು. ಆ ಮೂಲೆಗೆ ಅವ್ವ ಮಳೆಗಾಲದಲ್ಲಿ ಒಂದು ಬುಟ್ಟಿ ಇಡುತ್ತಿದ್ದಳು. ಹನಿ ಬೀಳುವ ಸದ್ದಿಗೆ ನಾವು ಮೂವರೂ ನಿದ್ದೆ ಹೋಗುತ್ತಿದ್ದೆವು. ಅದನ್ನು ನಾನೇ ಕಾಕಾನಿಗೆ ಹೇಳಿದ್ದೆ, ನೆನಪಿನ ಮಾತು ಅಂತ ಹೇಳಿದ್ದೆ. ಅವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು!

ಆ ನೋಟ್‌ಬುಕ್ಕೇ ಅವರ ಇಡೀ ಕಸುಬು. ಎಡಗಡೆ ಪುಟದಲ್ಲಿ ಮಾರುವವರು ಹೇಳಿದ್ದು, ಬಲಗಡೆ ಕೊಳ್ಳುವವರು ಕೇಳಿದ್ದು. ಎರಡು ಕಡೆಯವರನ್ನೂ ನಮ್ಮ ಪಡಸಾಲೆಯಲ್ಲಿ ಚಾಪೆ ಮೇಲೆ ಕೂರಿಸಿ ಗಟ್ಟಿಯಾಗಿ ಓದಿದರು. ಸೋರುವ ಮೂಲೆ, ಪಕ್ಕದವರ ಜೊತೆ ಗೋಡೆಯ ಅರ್ಧ ಅಡಿ ತಕರಾರು, ತೀರಿದ ಬೋಜಾ. ಆ ಕಡೆಯಿಂದ, ಬ್ಯಾಂಕ್ ಸಾಲ ಎಷ್ಟು, ಕೈಯಲ್ಲಿ ಎಷ್ಟು, ದುಡ್ಡು ಕೊಡಲಿಕ್ಕೆ ಎಷ್ಟು ದಿನ ಬೇಕು. ತಮ್ಮ ಕಮಿಷನ್ನೂ ಅಲ್ಲೇ ಓದಿದರು: ಈ ಕಡೆ ಒಂದು ಪರ್ಸೆಂಟ್, ಆ ಕಡೆ ಒಂದು ಪರ್ಸೆಂಟ್. ಇಬ್ಬರಿಗೂ ಕೇಳಿಸಿತು. ಕಿರಾಣಿ ಅಂಗಡಿಯ ಹಿರಿಯರು ಸೋರುವ ಮೂಲೆಗೆ 50 ಸಾವಿರ ಕಡಿಮೆ ಮಾಡ್ರಿ ಅಂದರು. ನಾವು ಒಪ್ಪಿದೆವು. 38 ಲಕ್ಷಕ್ಕೆ ನಿಂತಿತು. ಮುಂಗಡ ಆನ್‌ಲೈನಿನಲ್ಲಿ ಮೂರು ಖಾತೆಗೆ ಬಂತು. ಟವೆಲ್ ಬೇಕಾಗಲೇ ಇಲ್ಲ.

ಆದರೂ ಕಾಕಾನನ್ನು ದೇವರು ಮಾಡಬೇಕಾಗಿಲ್ಲ. ಫೋನ್ ಮಾಡಿದರೆ ಮೂರನೇ ಸಲಕ್ಕೆ ಎತ್ತುತ್ತಾರೆ. ಮನೆಯ ಫೋಟೋ ಕಳಿಸಿ ಅಂದರೆ ಮಗನಿಗೆ ಹೇಳುತ್ತಾರೆ, ಮಗ ಮರೆಯುತ್ತಾನೆ. ಹೊಸ ಲೇಔಟ್, ಪ್ಲಾಟ್ ಅಂದರೆ ಕೈ ಮುಗಿದುಬಿಡುತ್ತಾರೆ. ಅದು ಒಳ್ಳೆಯದೇ ಅನಿಸುತ್ತದೆ. ಪ್ಲಾಟುಗಳ ಲೋಕವೇ ಬೇರೆ. 500 ಚದರ ಮೀಟರ್ ದಾಟಿದ, ಇಲ್ಲವೇ ಎಂಟಕ್ಕಿಂತ ಜಾಸ್ತಿ ಫ್ಲಾಟ್ ಇರುವ ಯೋಜನೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ನೋಂದಣಿ ಆಗಿರಬೇಕು. ಅಂಥದ್ದರಲ್ಲಿ ಮಾರುವ ಏಜೆಂಟನೂ ನೋಂದಣಿ ಮಾಡಿಸಿರಬೇಕು, ಇಲ್ಲದಿದ್ದರೆ ದಿನಕ್ಕೆ 10 ಸಾವಿರ ದಂಡ. ನಂಬರ್ ಕೇಳಿ, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಎನ್.ಎ. ಆಗದ, ಅಂದರೆ ಕೃಷಿಯೇತರ ಅಂತ ಪರಿವರ್ತನೆ ಆಗದ ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ, ಬುರಣಾಪುರದಲ್ಲಿ ವಿಮಾನ ಇಳಿಯುತ್ತೆ, ಈಗ ತಗೊಂಡರೆ ಬಂಗಾರ ಅನ್ನುವವರಿಗೆ ಆ ನಂಬರ್ ಕೇಳಿದರೆ ಅರ್ಧ ಮಾತು ಅಲ್ಲೇ ನಿಲ್ಲುತ್ತದೆ. ಆದರೆ ಒಬ್ಬರು ಇನ್ನೊಬ್ಬರಿಗೆ ಮಾರುವ ಹಳೇ ಮನೆಗೆ ರೇರಾ ಇಲ್ಲ. ಅಲ್ಲಿ ನಂಬರೂ ಇಲ್ಲ, ಬೋರ್ಡೂ ಇಲ್ಲ. ಮನುಷ್ಯನನ್ನೇ ನೋಡಬೇಕು.

ನಮಗೆ ಕಾಕಾ ಮೂರು ಮನೆ ತೋರಿಸಿದರು. ಮೂರೇ. ಒಂದು ಬಹಳ ಚೆಂದ ಇತ್ತು. ಹೊಸ ಬಣ್ಣ, ಹೊಳೆಯುವ ಟೈಲ್ಸ್. ಕಾಕಾ ಹೊರಗಿನ ಗೋಡೆಯ ಹತ್ತಿರ ಕೂತು, ಬಣ್ಣದ ಕೆಳಗೆ ಕೂದಲೆಳೆಯಂತೆ ಕಾಣುವ ಗೆರೆಯನ್ನು ಉಗುರಿನಿಂದ ಕೆರೆದರು. ಪುಟ್ಟಿ ಉದುರಿತು. ಕಿಸೆಯಿಂದ ಹತ್ತು ರೂಪಾಯಿ ನಾಣ್ಯ ತೆಗೆದು ಬಿರುಕಿಗೆ ಹಿಡಿದರು. ಅರ್ಧ ಒಳಗೆ ಹೋಯಿತು. "ಎರಿ ಭೂಮಿ ಅಕ್ಕೋರ. ಬ್ಯಾಸಿಗ್ಯಾಗ ಬಾಯಿ ಬಿಡ್ತದ, ಮಳಿಗಾಲದಾಗ ಉಬ್ಬತದ. ಪಾಯಾ ಗಟ್ಟಿ ಇಲ್ಲಂದ್ರ ಗ್ವಾಡಿ ಜೋಡಿ ಕುಣೀತದ." ಮನೆ ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ನೋಡಲಿಕ್ಕಾಗಲಿಲ್ಲ. ಬೇಸಿಗೆಯ ಕೊನೆಯಲ್ಲಿ, ಭೂಮಿ ಪೂರ್ತಿ ಒಣಗಿದಾಗ ಮನೆ ನೋಡಬೇಕು, ಆಗ ಯಾವ ಬಣ್ಣವೂ ಮುಚ್ಚಲ್ಲ ಅನ್ನುವುದು ಅವರ ಲೆಕ್ಕ.

ಅಥಣಿ ರೋಡಿನ ಕಡೆಯ ಮನೆ ನೋಡಲಿಕ್ಕೆ ಹೋದಾಗ ಕಾಕಾ ಒಂದು ವಿಚಿತ್ರ ಕೆಲಸ ಮಾಡಿದರು. ಬಾಗಿಲು ತೆಗೆದು ತೋರಿಸಿ, ಕೀಲಿ ನನ್ನ ಕೈಗೆ ಕೊಟ್ಟು, "ನಾ ಅರ್ಧ ತಾಸು ಚಹಾ ಕುಡದು ಬರ್ತೀನಿ" ಅಂತ ಹೋಗಿಬಿಟ್ಟರು. ಏಜೆಂಟ್ ಎದುರಿಗಿದ್ದರೆ ಓಣಿಯವರು ಬಾಯಿ ಬಿಡಲ್ಲ ಅಂತ ಅವರಿಗೆ ಗೊತ್ತು. ಎದುರುಮನೆಯ ಹೆಣ್ಣುಮಗಳು ಅಂಗಳದಲ್ಲಿ ಸಂಡಿಗೆ ಹಾಕುತ್ತಿದ್ದಳು. ಮಾತಾಡಿಸಿದೆ. ಹತ್ತು ನಿಮಿಷದಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಂದರೆ ಎಷ್ಟು ಹೊತ್ತಿಗೆ ಬರುತ್ತದೆ, ಯಾರ ಬೋರು ಬತ್ತಿದೆ, ಯಾವ ಮನೆಯವರು ರಸ್ತೆಗೆ ನೀರು ಬಿಡುತ್ತಾರೆ, ಮಾಲೀಕರು ಯಾಕೆ ಮಾರುತ್ತಿದ್ದಾರೆ ಎಲ್ಲ ಗೊತ್ತಾಯಿತು. ಅವರ ಮಗ ಬೆಂಗಳೂರಿನಲ್ಲಿ ನೆಲೆ ನಿಂತಿದ್ದ, ಬೇರೆ ಏನೂ ಇರಲಿಲ್ಲ. ಕಾಕಾ ನಿಜವಾಗಿಯೂ ಅರ್ಧ ತಾಸು ಬಿಟ್ಟೇ ಬಂದರು.

ಆ ಮನೆಯನ್ನೇ 54 ಲಕ್ಷಕ್ಕೆ ತಗೊಂಡೆವು. ಅಷ್ಟೊತ್ತಿಗೆ ಒಂದು ಪೆಟ್ಟು ಬಿದ್ದಾಗಿತ್ತು. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ 1 ಪರ್ಸೆಂಟ್‌ನಿಂದ 2 ಪರ್ಸೆಂಟ್ ಆಯಿತು. ಮುದ್ರಾಂಕ ಶುಲ್ಕ 5, ಅದರ ಮೇಲಿನ ಸೆಸ್ಸು-ಸರ್‌ಚಾರ್ಜು ಸೇರಿ ನಗರದಲ್ಲಿ 5.6. ಎಲ್ಲ ಕೂಡಿ 7.6 ಪರ್ಸೆಂಟ್, ನಮ್ಮ ಲೆಕ್ಕಕ್ಕೆ 4 ಲಕ್ಷ 10 ಸಾವಿರದ 400 ರೂಪಾಯಿ. ಗುಮ್ಮಟದ ಓಣಿಯಲ್ಲಿ ಆ ತಿಂಗಳುಗಳನ್ನು ಕಳೆಯದೇ ಹೋಗಿದ್ದರೆ 54 ಸಾವಿರ ಉಳಿಯುತ್ತಿತ್ತು. 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಮನೆಯಾದರೆ ಕೊಳ್ಳುವವರೇ ಮಾಲೀಕರ ದುಡ್ಡಿನಲ್ಲಿ ಒಂದು ಪರ್ಸೆಂಟ್ ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು ಅನ್ನುವುದನ್ನು ಕಾಕಾ ಸಂಚಕಾರದ ದಿನವೇ ಮಾಲೀಕರ ಎದುರಿಗೇ ಓದಿ ಹೇಳಿದ್ದರು. ಇಲ್ಲದಿದ್ದರೆ ಕೊನೆ ದಿನ ದುಡ್ಡು ಕಡಿಮೆ ಬಂತು ಅಂತ ಜಗಳ ಆಗುತ್ತಿತ್ತು.

ರಿಜಿಸ್ಟ್ರೇಷನ್ ಆದ ಸಂಜೆ ಕಮಿಷನ್ ಕೊಡಲಿಕ್ಕೆ ಅಂಗಡಿಗೆ ಹೋದೆವು. ಕಾಕಾ ನೋಟ್‌ಬುಕ್ಕಿನಲ್ಲಿ ನಮ್ಮ ಪುಟದ ಮೇಲೆ ಅಡ್ಡಗೆರೆ ಎಳೆದರು. ಆಗ ನಾನು ಆ ಅಜ್ಜಿಯ ಮನೆ ವಿಷಯ ತೆಗೆದೆ. ಅಜ್ಜಿ ಕೊಡಬೇಕಾದ 16 ಸಾವಿರದ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಕಾಕಾ ಹೊಸ ಪುಟ ತೆಗೆದರು. ಎಡಗಡೆ ಮೊದಲ ಸಾಲು ಬರೆದು ನನ್ನ ಕಡೆ ತಿರುಗಿಸಿದರು: "ಕಟ್ಟಲಾಕ ಬರಂಗಿಲ್ಲ. ಇರಲಾಕ ಬರ್ತದ."

ಮನೆ ಇನ್ನೂ ಮಾರಿಲ್ಲ. ಹೋದ ವಾರ ಆ ಓಣಿಯಲ್ಲಿ ಹೋಗುತ್ತಿದ್ದೆ. ಕಾಕಾನ ಸ್ಕೂಟರ್ ದೂರದಲ್ಲಿ, ಬೇವಿನ ಮರದ ಕೆಳಗೆ ನಿಂತಿತ್ತು. ಒಬ್ಬ ಗಂಡ-ಹೆಂಡತಿ, ಜೊತೆಗೆ ಒಂದು ಕೂಸು. ಕಾಕಾ ಅವರನ್ನು ಇನ್ನೂ ಮನೆಗೆ ಕರೆದುಕೊಂಡು ಹೋಗಿರಲಿಲ್ಲ. ಆ ನೀಲಿ ಫಲಕದ ಮುಂದೆ ನಿಲ್ಲಿಸಿ, ಹೆಣ್ಣುಮಗಳಿಗೆ ಒಂದೊಂದೇ ಸಾಲು ಓದಿಸುತ್ತಿದ್ದರು.